ಸಹಿ ತಾಳೆ ನೋಡುವ ಸಾಫ್ಟ್‌ವೇರ್: ಯಾರಿಗೆ ಯಾವುದು ಸರಿ?

ಬೆಂಗಳೂರಿನಲ್ಲಿ ಸಹಿ ಪರಿಶೀಲಿಸುವ ಸಾಫ್ಟ್‌ವೇರ್ ಹುಡುಕುವವರು ಮುಖ್ಯವಾಗಿ ಮೂರು ಥರ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಪತ್ತಿನ ಸಹಕಾರ ಸಂಘ ನಡೆಸುವವರು, ಸಣ್ಣ ಸಹಕಾರಿ ಬ್ಯಾಂಕಿನ ಪಾಸಿಂಗ್ ಆಫೀಸರುಗಳು ಒಂದು ಗುಂಪು. ಸಾಲದ ಅರ್ಜಿಯ ಸಹಿಯನ್ನು ಪ್ಯಾನ್ ಕಾರ್ಡಿನ ಸಹಿಯ ಜೊತೆ ತಾಳೆ ಮಾಡಬೇಕು ಅನ್ನುವ ಕೋರಮಂಗಲದ ಸ್ಟಾರ್ಟಪ್ಪಿನವರು ಇನ್ನೊಂದು. ಮೂರನೆಯವರು ಕೊನೆಯ ವರ್ಷದ ಎಂಜಿನಿಯರಿಂಗ್ ಹುಡುಗರು. ಅವರಿಗೆ ಪ್ರಾಜೆಕ್ಟು ಮುಗಿದರೆ ಸಾಕು. ಮೂವರೂ ಕೇಳುವುದು ಒಂದೇ: "ಯಾವ ಅಲ್ಗಾರಿದಮ್ ಬೆಸ್ಟು?"

ಅಲ್ಲಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಮೊದಲು ಕೇಳಿಕೊಳ್ಳಬೇಕಾದ್ದು ಎರಡು. ಸಹಿ ನಿಮ್ಮ ಕೈಗೆ ಯಾವ ರೂಪದಲ್ಲಿ ಬರುತ್ತದೆ? ಒಬ್ಬೊಬ್ಬರದ್ದು ಎಷ್ಟು ಮಾದರಿ ಸಹಿ ನಿಮ್ಮ ಹತ್ತಿರ ಇದೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕಿಂತ ಜಾಸ್ತಿ ವಿಧಾನಗಳು ತಾವಾಗೇ ಉದುರಿಹೋಗುತ್ತವೆ.

ಒಂದು ಗೊಂದಲ ಈಗಲೇ ಬಗೆಹರಿಸಿಬಿಡೋಣ. ಡಿಜಿಟಲ್ ಸಿಗ್ನೇಚರ್, ಆಧಾರ್ ಇ-ಸೈನ್ ಇವೆಲ್ಲ ಬೇರೆ ವಿಷಯ. ಅಲ್ಲಿ ನೋಡುವುದು ಗೂಢಲಿಪಿಯ ಕೀಲಿಯನ್ನು, ಕೈಬರಹವನ್ನಲ್ಲ. ಇಲ್ಲಿ ಮಾತಾಡುತ್ತಿರುವುದು ಪೆನ್ನು ಹಿಡಿದು ಹಾಕುವ ಸಹಿಯ ಬಗ್ಗೆ ಮಾತ್ರ.

ಕಾಗದವೋ, ಪ್ಯಾಡೋ?

ಕಾಗದದ ಮೇಲಿನ ಸಹಿ ಅಂದರೆ ಒಣಗಿದ ಇಂಕಿನ ಚಿತ್ರ. ಕೈ ಎಲ್ಲಿಂದ ಹೊರಟಿತು, ಎಲ್ಲಿ ತಡವರಿಸಿತು, ಎಷ್ಟು ವೇಗವಾಗಿ ಓಡಿತು, ಇದೆಲ್ಲ ಅಳಿಸಿಹೋಗಿರುತ್ತದೆ. ಗೆರೆಯ ದಪ್ಪ, ಇಂಕಿನ ಗಾಢತೆಯಲ್ಲಿ ಅದರ ಸುಳಿವು ಅಷ್ಟಿಷ್ಟು ಉಳಿದಿರಬಹುದು.

ಸಿಗ್ನೇಚರ್ ಪ್ಯಾಡಿನಲ್ಲಿ ಹಾಗಲ್ಲ. ವೇಕಾಂ ಕಂಪನಿಯ ಎಸ್‌ಟಿಯು-430 ಥರದ ಪ್ಯಾಡು ಸೆಕೆಂಡಿಗೆ 200 ಸಲ ಪೆನ್ನಿನ ಜಾಗವನ್ನು ಬರೆದುಕೊಳ್ಳುತ್ತದೆ, ಒತ್ತಡವನ್ನು 1024 ಹಂತಗಳಲ್ಲಿ ಅಳೆಯುತ್ತದೆ. ಮೂರು ಸೆಕೆಂಡಿನ ಸಹಿಗೆ ಸುಮಾರು 600 ಸಾಲು ಲೆಕ್ಕ ಸಿಗುತ್ತದೆ. ಬೇರೆಯವರ ಸಹಿಯ ಆಕಾರವನ್ನು ನೋಡಿ ನೋಡಿ ಕಲಿಯಬಹುದು. ಅದೇ ವೇಗದಲ್ಲಿ, ಅದೇ ಒತ್ತಡದಲ್ಲಿ ಬರೆಯುವುದು ತುಂಬ ಕಷ್ಟ. ಯಾಕೆಂದರೆ ಆ ವೇಗ ಕಾಗದದಲ್ಲಿ ಕಾಣುವುದೇ ಇಲ್ಲ, ನಕಲು ಮಾಡುವವನು ಅದನ್ನು ಎಲ್ಲಿ ನೋಡಿ ಕಲಿಯಬೇಕು?

ಹಾಗಾಗಿ ನಿಮ್ಮ ಗಿರಾಕಿ ಕೌಂಟರಿಗೆ ಬಂದೇ ಸಹಿ ಹಾಕುವುದಾದರೆ ಪ್ಯಾಡೇ ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ. ತೊಡಕಿರುವುದು ಚೆಕ್ಕು, ಅರ್ಜಿ, ಹಳೆ ಕರಾರುಪತ್ರಗಳಲ್ಲಿ. ಅಲ್ಲಿ ಚಿತ್ರ ಬಿಟ್ಟು ಬೇರೇನೂ ಸಿಗುವುದಿಲ್ಲ.

ಚೆಕ್ಕಿನ ಕಷ್ಟ

ಚೆಕ್ ಟ್ರಂಕೇಶನ್ ಬಂದ ಮೇಲೆ ಬ್ಯಾಂಕಿನಿಂದ ಬ್ಯಾಂಕಿಗೆ ಓಡಾಡುವುದು ಕಾಗದವಲ್ಲ, ಅದರ ಚಿತ್ರ. ಆ ವ್ಯವಸ್ಥೆಯ ನಿಯಮದ ಪ್ರಕಾರ ಚೆಕ್ಕಿನ ಮುಂಭಾಗದ ಬೂದು ಬಣ್ಣದ ಚಿತ್ರ 100 ಡಿಪಿಐ, ಅಂದರೆ ಇಂಚಿಗೆ 100 ಚುಕ್ಕಿ. ಕಪ್ಪು-ಬಿಳುಪು ಚಿತ್ರ 200 ಡಿಪಿಐ. ಇದರ ಅರ್ಥ ಏನು ಅಂತ ಲೆಕ್ಕ ಹಾಕಿ ನೋಡಿ. ಐದು ಸೆಂಟಿಮೀಟರ್ ಅಗಲದ ಸಹಿ 100 ಡಿಪಿಐನಲ್ಲಿ ಸುಮಾರು 200 ಪಿಕ್ಸೆಲ್ ಆಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಬಾಲ್‌ಪೆನ್ ಗೆರೆ ಎರಡೇ ಪಿಕ್ಸೆಲ್. ಗೆರೆ ನಡುಗಿದೆಯೋ, ಮಧ್ಯದಲ್ಲಿ ಪೆನ್ನು ಎತ್ತಿ ಮತ್ತೆ ಇಟ್ಟಿದ್ದಾರೋ ಅನ್ನುವುದನ್ನು ಎರಡು ಪಿಕ್ಸೆಲ್ಲಿನಲ್ಲಿ ಹುಡುಕುವುದು ಹೇಗೆ? 200 ಡಿಪಿಐನಲ್ಲಿ ಗೆರೆ ನಾಲ್ಕು ಪಿಕ್ಸೆಲ್ ಆಗುತ್ತದೆ ನಿಜ, ಆದರೆ ಬೂದು ಛಾಯೆ ಹೋಗಿ ಬರೀ ಕಪ್ಪು-ಬಿಳುಪು ಉಳಿಯುತ್ತದೆ. ಅದೇ ಸಹಿಯನ್ನು ನಿಮ್ಮ ಕೌಂಟರಿನಲ್ಲೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಗೆರೆಗೆ 12 ಪಿಕ್ಸೆಲ್ ಸಿಗುತ್ತದೆ.

ಇದರ ಮೇಲೆ ಸಮಯದ ಒತ್ತಡ ಬೇರೆ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ದಿನವಿಡೀ ಬಂದಹಾಗೆ ಬಂದಹಾಗೆ ಕ್ಲಿಯರಿಂಗಿಗೆ ಹೋಗುತ್ತಿವೆ. ಮೊದಲ ಹಂತದ ನಿಯಮದಂತೆ ಸಂಜೆ 7ರೊಳಗೆ ಬ್ಯಾಂಕು ಹೌದು ಅಥವಾ ಇಲ್ಲ ಅನ್ನಬೇಕು. ಸುಮ್ಮನಿದ್ದರೆ ಒಪ್ಪಿದ ಹಾಗೆ ಲೆಕ್ಕ. ಇಬ್ಬರೇ ಸಿಬ್ಬಂದಿ ಕೂತು ಒಂದೊಂದೇ ಸಹಿಯನ್ನು ಸ್ಕ್ರೀನಿನಲ್ಲಿ ನೋಡುವ ಕಡೆ ಕಂಪ್ಯೂಟರಿನ ನೆರವು ಬೇಕು ಅನ್ನಿಸುವುದು ಸಹಜವೇ.

ಕಾಗದದ ಸಹಿಗೆ ಇರುವ ದಾರಿಗಳು

ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಬಹಳಷ್ಟು ಸಹಿ ಪರಿಶೀಲನೆ ಪ್ರಾಜೆಕ್ಟುಗಳು ಎರಡು ಚಿತ್ರಗಳನ್ನು ಪಿಕ್ಸೆಲ್ಲಿಗೆ ಪಿಕ್ಸೆಲ್ ಹೋಲಿಸುತ್ತವೆ. ಎಸ್‌ಎಸ್‌ಐಎಂ ಅನ್ನುವ ಅಳತೆ ಹಾಕಿ "ಶೇಕಡಾ ಇಷ್ಟು ಹೊಂದುತ್ತದೆ" ಅಂತ ತೋರಿಸುತ್ತವೆ. ನೋಡಲು ಚೆನ್ನಾಗಿರುತ್ತದೆ, ಕೆಲಸಕ್ಕೆ ಬರುವುದಿಲ್ಲ. ನೀವೇ ಎರಡು ಸಲ ಸಹಿ ಹಾಕಿ, ಎರಡನೆಯದು ಸ್ವಲ್ಪ ವಾಲಿದ್ದರೆ ಅಂಕ ಧಡಕ್ಕನೆ ಬೀಳುತ್ತದೆ. ಅದೇ ಯಾರಾದರೂ ನಿಮ್ಮ ಸಹಿಯ ಮೇಲೆ ತೆಳ್ಳನೆ ಕಾಗದ ಇಟ್ಟು ತಿದ್ದಿಕೊಂಡಿದ್ದರೆ ಅಂಕ ಏರುತ್ತದೆ! ಯಾರೂ ಎರಡು ಸಲ ಅಚ್ಚೊತ್ತಿದ ಹಾಗೆ ಸಹಿ ಹಾಕುವುದಿಲ್ಲ. ಎರಡು ಸಹಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತರೆ ಅನುಮಾನ ಪಡಬೇಕು, ಈ ಸಾಫ್ಟ್‌ವೇರ್ ಭೇಷ್ ಅನ್ನುತ್ತದೆ.

ಅದಕ್ಕಿಂತ ಮೇಲಿನದು, ಸಹಿಯಿಂದ ಗುಣಗಳನ್ನು ಎತ್ತಿ ಹೋಲಿಸುವ ಹಳೆಯ ದಾರಿ. ಒಟ್ಟು ವಾಲಿಕೆ, ಉದ್ದ-ಅಗಲದ ಅನುಪಾತ, ಗೆರೆಗಳು ಯಾವ ದಿಕ್ಕಿಗೆ ಎಷ್ಟು ಹರಿದಿವೆ ಅನ್ನುವ ಲೆಕ್ಕ, ಸಣ್ಣ ಸಣ್ಣ ಚೌಕಗಳಲ್ಲಿ ಕಪ್ಪು-ಬಿಳುಪಿನ ವಿನ್ಯಾಸ. ಇವನ್ನು ಅಂಕೆಗಳಾಗಿಸಿ ಎಸ್‌ವಿಎಂ ಥರದ ವರ್ಗೀಕರಣಕ್ಕೆ, ಅಂದರೆ ಅಸಲಿ-ನಕಲಿ ವಿಂಗಡಿಸುವ ಗಣಿತಕ್ಕೆ, ಕೊಡುತ್ತಾರೆ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಯಾಕೆ ತಿರಸ್ಕರಿಸಿತು ಅಂತ ಒಂದಷ್ಟು ವಿವರಿಸಲೂಬಹುದು. ಆದರೆ ಪಳಗಿದ ಕೈಯ ನಕಲಿನ ಮುಂದೆ ಸೋಲುವುದು ಜಾಸ್ತಿ.

ಈಗ ಚಾಲ್ತಿಯಲ್ಲಿರುವುದು ಉದಾಹರಣೆಗಳನ್ನು ನೋಡಿ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕ್, ಅದರಲ್ಲೂ ಸಯಾಮಿಸ್ ನೆಟ್‌ವರ್ಕ್. ಒಂದೇ ಥರದ ಎರಡು ಜಾಲಗಳಿಗೆ ಒಂದೊಂದು ಸಹಿ ಕೊಡುವುದು, ಎರಡರ ಉತ್ತರ ಎಷ್ಟು ಹತ್ತಿರ ಅಂತ ಅಳೆಯುವುದು. ಇದು ಹೊಸದೇನಲ್ಲ. 1993ರಲ್ಲಿ ಬೆಲ್ ಲ್ಯಾಬ್ಸ್‌ನವರು ಈ ಹೆಸರಿನ ಜಾಲ ಕಟ್ಟಿದ್ದೇ ಸಹಿ ಪರಿಶೀಲನೆಗೆ. ಅದು ಪ್ಯಾಡಿನ ಮೇಲಿನ ಸಹಿಗೆ ಮಾಡಿದ್ದು. ಕ್ರೆಡಿಟ್ ಕಾರ್ಡಿನ ಹಿಂಬದಿಯ ಮ್ಯಾಗ್ನೆಟಿಕ್ ಪಟ್ಟಿಯಲ್ಲಿ ಹಿಡಿಸಬೇಕು ಅಂತ ಸಹಿಯ ಸಾರವನ್ನು 80 ಬೈಟಿಗೆ ಇಳಿಸಿದ್ದರು. ಕಾಗದದ ಸಹಿಗೆ ಅದೇ ಉಪಾಯ ಬಳಸಿದ ಸಿಗ್‌ನೆಟ್ 2017ರಲ್ಲಿ ಬಂತು.

ಸಿಗ್‌ನೆಟ್‌ನ ಫಲಿತಾಂಶವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೀಡರ್ ಅನ್ನುವ ಅಮೆರಿಕದ ಸಂಗ್ರಹದಲ್ಲಿ, 55 ಜನರ ಸಹಿಗಳ ಮೇಲೆ, ನಿಖರತೆ ಶೇ 100. ಅದೇ ವಿಧಾನ ಸ್ಪೇನಿನ ಜಿಪಿಡಿಎಸ್ ಸಂಗ್ರಹದ 300 ಜನರ ಸಹಿಗಳಲ್ಲಿ ಶೇ 76.83. ನಮ್ಮ ದೇಶದ ಬಿಎಚ್‌ಸಿಗ್260 ಸಂಗ್ರಹದಲ್ಲಿ ಬಂಗಾಳಿ ಸಹಿಗಳಿಗೆ ಶೇ 86.11, ಹಿಂದಿ ಸಹಿಗಳಿಗೆ ಶೇ 84.64. ಅಲ್ಗಾರಿದಮ್ ಒಂದೇ, ಸಹಿಗಳು ಬೇರೆ. ಹಾಗಾಗಿ ಸಾಫ್ಟ್‌ವೇರ್ ಮಾರಲು ಬಂದವರು "ನಮ್ಮದು ಶೇ 99" ಅಂದಾಗ ಮೊದಲು ಕೇಳಬೇಕಾದ್ದು, "ಯಾವ ಸಹಿಗಳ ಮೇಲೆ?"

ಎರಡನೆಯದಾಗಿ, "ಯಾವ ಥರದ ನಕಲಿನ ಮೇಲೆ?" ಅಂತ ಕೇಳಿ. ಸುಮ್ನೆ ಬೇರೆ ಯಾರದೋ ಸಹಿ ತಂದಿಟ್ಟರೆ ಅದನ್ನೂ ಸಂಶೋಧಕರು ನಕಲು ಅಂತಲೇ ಎಣಿಸುತ್ತಾರೆ. ಅದನ್ನು ಹಿಡಿಯುವುದು ಸುಲಭ. ಹೆಸರು ಗೊತ್ತಿದ್ದು ಸಹಿ ನೋಡಿಲ್ಲದವನ ನಕಲು ಇನ್ನೊಂದು ಹಂತ. ಅಸಲಿ ಸಹಿ ಮುಂದಿಟ್ಟುಕೊಂಡು ಅಭ್ಯಾಸ ಮಾಡಿದವನದ್ದು ಮೂರನೆಯದು, ಕಷ್ಟದ್ದು. ದುಡ್ಡು ಹೋಗುವುದು ಹೆಚ್ಚಾಗಿ ಈ ಮೂರನೆಯವನಿಂದ. ಕೆನರಾ ಬ್ಯಾಂಕ್ ಮತ್ತು ಕೆನರಾ ಸೇಲ್ಸ್ ಕಾರ್ಪೊರೇಷನ್ ನಡುವಿನ ಪ್ರಕರಣದಲ್ಲಿ 42 ಚೆಕ್ಕುಗಳಿಗೆ ಕಳ್ಳ ಸಹಿ ಹಾಕಿ ಸುಮಾರು 3.26 ಲಕ್ಷ ರೂಪಾಯಿ ಎತ್ತಿದ್ದು ಕಂಪನಿಯ ಚೆಕ್ ಪುಸ್ತಕ ಇಟ್ಟುಕೊಂಡಿದ್ದ ಲೆಕ್ಕಿಗನೇ. ಯಜಮಾನರ ಸಹಿಯನ್ನು ದಿನಾ ನೋಡುವವನು. ನಷ್ಟ ಬ್ಯಾಂಕಿನದ್ದೇ ಅಂತ 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮಾದರಿ ಎಷ್ಟಿವೆ?

ಕಾಗದದ ಸಹಿಯಲ್ಲಿ ಇನ್ನೊಂದು ಕವಲು ಇದೆ. ಪ್ರತಿ ವ್ಯಕ್ತಿಗೂ ಬೇರೆ ಬೇರೆ ಮಾಡೆಲ್ ತಯಾರಿಸುವುದು ಒಂದು, ಎಲ್ಲರಿಗೂ ಒಂದೇ ಮಾಡೆಲ್ ಇಡುವುದು ಇನ್ನೊಂದು.

ವ್ಯಕ್ತಿಗೊಂದು ಮಾಡೆಲ್ ಚೆನ್ನಾಗಿ ಕೆಲಸ ಮಾಡುತ್ತದೆ. 2017ರಲ್ಲಿ ಹಾಫೆಮನ್, ಸಬೂರಿನ್, ಒಲಿವೇರಾ ಪ್ರಕಟಿಸಿದ ಕೆಲಸದಲ್ಲಿ, ನ್ಯೂರಲ್ ನೆಟ್‌ವರ್ಕಿನಿಂದ ಗುಣಗಳನ್ನು ಎತ್ತಿ, ಒಬ್ಬೊಬ್ಬರಿಗೂ ಒಂದು ಎಸ್‌ವಿಎಂ ಕಲಿಸಿ, ಜಿಪಿಡಿಎಸ್‌ನ 160 ಜನರ ಸಹಿಗಳಲ್ಲಿ ಸಮದೋಷ ಪ್ರಮಾಣವನ್ನು ಶೇ 1.72ಕ್ಕೆ ಇಳಿಸಿದ್ದರು. ಸಮದೋಷ ಅಂದರೆ, ಅಸಲಿಯನ್ನು ತಳ್ಳುವ ತಪ್ಪು ಮತ್ತು ನಕಲಿಯನ್ನು ಒಪ್ಪುವ ತಪ್ಪು ಎರಡೂ ಸಮ ಆಗುವ ಜಾಗ. ಆದರೆ ಅದಕ್ಕೆ ಒಬ್ಬೊಬ್ಬರದ್ದು 12 ಅಸಲಿ ಸಹಿ ಬೇಕಾಯಿತು. ಎಷ್ಟು ಅಂಕದ ಮೇಲೆ ಒಪ್ಪಬೇಕು ಅನ್ನುವ ಗೆರೆಯೂ ಒಬ್ಬೊಬ್ಬರಿಗೆ ಒಂದೊಂದು. ನಿಮ್ಮ ಸಂಘದ ಸದಸ್ಯರ ಕಾರ್ಡಿನಲ್ಲಿ ಎಷ್ಟಿದೆ? ಎರಡು, ಹೆಚ್ಚೆಂದರೆ ಮೂರು. ಅದೂ ಖಾತೆ ತೆರೆದ ದಿನ ಒಂದೇ ಪೆನ್ನಿನಲ್ಲಿ, ಒಂದರ ಕೆಳಗೆ ಒಂದು, ಶಿಸ್ತಾಗಿ ಹಾಕಿದ್ದು. ಹತ್ತು ವರ್ಷದ ಮೇಲೆ ಮೊಣಕಾಲ ಮೇಲೆ ಚೆಕ್ ಪುಸ್ತಕ ಇಟ್ಟುಕೊಂಡು ಹಾಕುವ ಸಹಿ ಹಾಗಿರುವುದಿಲ್ಲ ಅಲ್ವಾ?

ಮಾದರಿ ಎರಡೇ ಇದ್ದರೆ ಎಲ್ಲರಿಗೂ ಒಂದೇ ಮಾಡೆಲ್ ಅನ್ನುವ ದಾರಿಯೇ ಗತಿ. ಸಯಾಮಿಸ್ ಜಾಲದ ಲಾಭ ಇರುವುದು ಇಲ್ಲೇ. ಹೊಸ ಸದಸ್ಯ ಬಂದಾಗ ಮತ್ತೆ ಕಲಿಸಬೇಕಾಗಿಲ್ಲ. ನನ್ನ ಸಲಹೆ ಏನೆಂದರೆ, ಸಾಫ್ಟ್‌ವೇರಿಗೆ ದುಡ್ಡು ಹಾಕುವ ಮೊದಲು ಮಾದರಿಗೆ ಶ್ರಮ ಹಾಕಿ. ಸರಿಯಾಗಿ ಪಾಸಾದ ಚೆಕ್ಕುಗಳ ಸಹಿಯನ್ನು, ಮನುಷ್ಯರು ನೋಡಿ ಒಪ್ಪಿದ ಮೇಲೆ, ಅವರ ಕಡತಕ್ಕೆ ಸೇರಿಸುತ್ತ ಹೋದರೆ ವರ್ಷದೊಳಗೆ ಚುರುಕಾಗಿ ವ್ಯವಹರಿಸುವ ಸದಸ್ಯರ ಮಾದರಿ ಹತ್ತು ದಾಟುತ್ತದೆ. ಆಮೇಲೆ ಎರಡೂ ವಿಧಾನ ಜೋಡಿಸಬಹುದು.

ಪ್ಯಾಡಿನ ಸಹಿಗೆ: ಹಳೆಯ ಡಿಟಿಡಬ್ಲ್ಯೂ

ಪ್ಯಾಡಿನ ಸಹಿಗೆ ನಾನು ಮೊದಲು ಹೇಳುವ ಹೆಸರು ಡಿಟಿಡಬ್ಲ್ಯೂ, ಡೈನಮಿಕ್ ಟೈಮ್ ವಾರ್ಪಿಂಗ್. ಎಪ್ಪತ್ತರ ದಶಕದಲ್ಲಿ ಮಾತು ಗುರುತಿಸುವುದಕ್ಕೆ ಬಳಕೆಗೆ ಬಂದ ವಿಧಾನ. ಒಂದೇ ಕೀರ್ತನೆಯನ್ನು ಒಬ್ಬರು ವಿಳಂಬದಲ್ಲಿ, ಇನ್ನೊಬ್ಬರು ತುಸು ಚುರುಕಾಗಿ ಹಾಡಿದರೂ ಪಲ್ಲವಿಗೆ ಪಲ್ಲವಿ, ಚರಣಕ್ಕೆ ಚರಣ ಹೊಂದಿಸಿ ಕೇಳುತ್ತೇವಲ್ಲ, ಅದೇ ಕೆಲಸವನ್ನು ಇದು ಬಿಂದುಗಳ ಸಾಲಿಗೆ ಮಾಡುತ್ತದೆ. ಇವತ್ತಿನ ಸಹಿಗೆ ಮೂರು ಸೆಕೆಂಡು, ನಿನ್ನೆಯದಕ್ಕೆ ಮೂರೂವರೆ. ಎರಡನ್ನೂ ಹಿಗ್ಗಿಸಿ ಕುಗ್ಗಿಸಿ, ತಿರುವಿಗೆ ತಿರುವು ಕೂರಿಸಿ, ಆಮೇಲೂ ಉಳಿಯುವ ವ್ಯತ್ಯಾಸವನ್ನು ಕೂಡುತ್ತದೆ. ಆ ಮೊತ್ತವೇ ದೂರ. ದೂರ ಕಡಿಮೆ ಇದ್ದರೆ ಅದೇ ಕೈ.

2004ರಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಸಹಿ ಪರಿಶೀಲನೆ ಸ್ಪರ್ಧೆಯಲ್ಲಿ ಗೆದ್ದದ್ದು ಟರ್ಕಿಯ ಸಬಾಂಜಿ ವಿಶ್ವವಿದ್ಯಾಲಯದ ಡಿಟಿಡಬ್ಲ್ಯೂ ವಿಧಾನ. ಪಳಗಿದ ನಕಲುಗಳ ಮೇಲೆ ಅದರ ಸಮದೋಷ ಶೇ 2.84. ಇದಕ್ಕೆ ನ್ಯೂರಲ್ ನೆಟ್‌ವರ್ಕ್ ಕಲಿಸಲು ಬಳಸುವ ಜಿಪಿಯು ಚಿಪ್ಪು ಬೇಡ, ಸಾವಿರಾರು ಸಹಿಗಳ ತರಬೇತಿ ಬೇಡ, ಐದು ಮಾದರಿ ಇದ್ದರೆ ಶುರು ಮಾಡಬಹುದು. ಎಲ್ಲಿ ಹೊಂದಲಿಲ್ಲ ಅಂತ ಬೆರಳಿಟ್ಟು ತೋರಿಸಲೂ ಆಗುತ್ತದೆ.

ನಮ್ಮ ಮೈಸೂರು ವಿಶ್ವವಿದ್ಯಾಲಯದ ಡಿ. ಎಸ್. ಗುರು ಮತ್ತು ಎಚ್. ಎನ್. ಪ್ರಕಾಶ್ 2009ರಲ್ಲಿ ಇನ್ನೊಂದು ದಾರಿ ತೋರಿಸಿದರು. ಸಹಿಯ ಒಂದೊಂದು ಗುಣಕ್ಕೂ ಒಂದೇ ಅಂಕೆ ಇಡುವ ಬದಲು ಕನಿಷ್ಠ-ಗರಿಷ್ಠದ ಒಂದು ವ್ಯಾಪ್ತಿ ಇಡುವುದು. ಸಹಿ ಹಾಕಲು ಹಿಡಿಯುವ ಸಮಯ ಇಷ್ಟರಿಂದ ಇಷ್ಟರೊಳಗೆ, ಪೆನ್ನು ಎತ್ತುವುದು ಇಷ್ಟರಿಂದ ಇಷ್ಟು ಸಲ, ಹೀಗೆ. ಒಬ್ಬ ಮನುಷ್ಯನ ಸಹಿಯಲ್ಲಿ ಸಹಜವಾಗಿ ಆಗುವ ಏರುಪೇರು ಅದರಲ್ಲೇ ಸೇರಿಕೊಳ್ಳುತ್ತದೆ. ಪ್ರಾಜೆಕ್ಟು ಹುಡುಕುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಆರಂಭ. ಗಣಿತ ಅರ್ಥವಾಗುತ್ತದೆ, ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ವೈವಾದಲ್ಲಿ ವಿವರಿಸಬಹುದು.

ಆಳವಾದ ನ್ಯೂರಲ್ ನೆಟ್‌ವರ್ಕುಗಳು ಈಗ ಪ್ಯಾಡಿನ ಸಹಿಯಲ್ಲೂ ಮುಂದಿವೆ. ಆದರೆ ಅವನ್ನು ಕಲಿಸಲು ದೊಡ್ಡ ಸಂಗ್ರಹ ಬೇಕು. ಸಣ್ಣ ಸಂಘಕ್ಕೆ ಅದು ಆನೆ ಸಾಕಿದ ಹಾಗೆ.

ಮೊಬೈಲಿನಲ್ಲಿ ಬೆರಳಿನಿಂದ ಗೀಚುವ ಸಹಿ? ಕೊರಿಯರ್ ಹುಡುಗ ಫೋನು ಚಾಚಿದಾಗ ನೀವು ಎಳೆಯುವ ಆ ಗೆರೆಯನ್ನು ಯಾವ ವಿಧಾನಕ್ಕೂ ಕೊಡಬೇಡಿ. ಒತ್ತಡದ ಲೆಕ್ಕ ಸಾಮಾನ್ಯವಾಗಿ ಸಿಗುವುದಿಲ್ಲ, ಆಕಾರವೂ ನಿಮ್ಮದಲ್ಲ. ಅಂಥ ಕಡೆ ಒಟಿಪಿ ಸಾಕು.

ಕನ್ನಡದ ಸಹಿ

ಸಾಫ್ಟ್‌ವೇರ್ ಮಾರುವವರು ಡೆಮೊ ಕೊಡುವಾಗ ತೋರಿಸುವುದು ಇಂಗ್ಲಿಷ್ ಸಹಿ. ಕನ್ನಡದಲ್ಲಿ ಸಹಿ ಹಾಕುವವರಲ್ಲಿ ತುಂಬ ಜನ ಹೆಸರನ್ನು ಓದುವ ಹಾಗೆ ಪೂರ್ತಿ ಬರೆಯುತ್ತಾರೆ. ದುಂಡಗಿನ ಅಕ್ಷರ, ಬಿಡಿ ಬಿಡಿ, ಕೆಳಗೆ ಒತ್ತು. ಒತ್ತಿನಲ್ಲೇ ತೊಂದರೆ. ಅರ್ಜಿಯ ಸಹಿ ಚೌಕ ಚಿಕ್ಕದು. "ಕೃಷ್ಣಪ್ಪ" ಅಂತ ಬರೆದರೆ ಣ ಒತ್ತು, ಪ ಒತ್ತು ಎರಡೂ ಚೌಕದ ಕೆಳಗೆರೆಯ ಮೇಲೆ ಕೂರುತ್ತವೆ. ಸಾಫ್ಟ್‌ವೇರ್ ಚೌಕದ ಗೆರೆ ಅಳಿಸಲು ಹೋದಾಗ ಒತ್ತಿನ ಹೊಟ್ಟೆಯನ್ನೂ ಕತ್ತರಿಸುತ್ತದೆ. ಆಮೇಲೆ ಅಸಲಿ ಸಹಿಯೇ ಸಹಿಗೆ ಹೊಂದುವುದಿಲ್ಲ. ಸಂಘದ ನೇರಳೆ ಬಣ್ಣದ ಸೀಲು ಸಹಿಯ ಮೇಲೆ ಬಿದ್ದಾಗಲೂ ಇದೇ ಗತಿ. ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದರೆ ಸೀಲನ್ನು ಬೇರ್ಪಡಿಸಬಹುದು, ಕಪ್ಪು-ಬಿಳುಪಿನಲ್ಲಿ ಆಗುವುದಿಲ್ಲ.

ಕನ್ನಡ ಸಹಿಗಳ ಸಂಗ್ರಹ ಇಲ್ಲವೆಂದಲ್ಲ. ಮಂಗಳೂರು ವಿಶ್ವವಿದ್ಯಾಲಯದ ಮುಕೋಸ್ ಸಂಗ್ರಹದಲ್ಲಿ 30 ಜನರ 1350 ಸಹಿಗಳಿವೆ, ಒಬ್ಬೊಬ್ಬರದ್ದು 30 ಅಸಲಿ, 15 ನಕಲಿ. ಸಂಶೋಧನೆಗೆ ಒಳ್ಳೆಯದು, ಆಳವಾದ ಜಾಲ ಕಲಿಸಲು ತೀರ ಚಿಕ್ಕದು. ದೊಡ್ಡ ಸಂಗ್ರಹ ಅಂತ ಜಿಪಿಡಿಎಸ್ ನೆಚ್ಚಿಕೊಳ್ಳುವ ಹಾಗೂ ಇಲ್ಲ, ಯುರೋಪಿನ ಖಾಸಗಿತನದ ಕಾನೂನಿನಿಂದಾಗಿ ಅಸಲಿ ಸಹಿಗಳನ್ನು ಹಂಚುವುದನ್ನು ಅವರು ನಿಲ್ಲಿಸಿದ್ದಾರೆ.

ಇನ್ನೊಂದು ಮಾತು: ಒಬ್ಬರೇ ಸಂಘದಲ್ಲಿ ಕನ್ನಡದಲ್ಲಿ, ಚೆಕ್ಕಿನಲ್ಲಿ ಇಂಗ್ಲಿಷಿನಲ್ಲಿ ಸಹಿ ಹಾಕುವುದು ಈ ಊರಿನಲ್ಲಿ ಮಾಮೂಲು. ಎರಡನ್ನೂ ಒಂದೇ ಕಡತಕ್ಕೆ ತುಂಬಬೇಡಿ. ಎರಡು ಬೇರೆ ಸಹಿ ಅಂತಲೇ ಇಡಿ.

ಗೆರೆ ಎಲ್ಲಿ ಎಳೆಯುವುದು?

ಯಾವ ವಿಧಾನ ತಂದರೂ ಕೊನೆಗೆ ಒಂದು ಅಂಕ ಬರುತ್ತದೆ, ಎಷ್ಟರ ಮೇಲೆ ಒಪ್ಪಬೇಕು ಅನ್ನುವುದು ನಿಮ್ಮ ತೀರ್ಮಾನ. ನಿಮ್ಮಲ್ಲಿ ದಿನಕ್ಕೆ 300 ಚೆಕ್ಕು ಬರುತ್ತವೆ ಅಂದುಕೊಳ್ಳಿ, ಸಾಫ್ಟ್‌ವೇರ್ ಅಸಲಿಗಳಲ್ಲಿ ಶೇ 3ನ್ನು ತಳ್ಳುತ್ತದೆ. ದಿನಕ್ಕೆ ಒಂಬತ್ತು ಪ್ರಾಮಾಣಿಕ ಸದಸ್ಯರಿಗೆ ಫೋನು ಮಾಡಬೇಕು. ಆ ಒಂಬತ್ತರಲ್ಲಿ ಕೈ ನಡುಗುವ ಪಿಂಚಣಿದಾರರೇ ಜಾಸ್ತಿ ಇರುತ್ತಾರೆ. ಅವರನ್ನು ಕಳ್ಳರ ಸಾಲಿಗೆ ಹಾಕಿದ ಹಾಗಾಗುತ್ತದೆ.

ಸುಮ್ಮನೆ ವಾಪಸು ಕಳಿಸುವುದು ಸಣ್ಣ ವಿಷಯವೂ ಅಲ್ಲ. ಸಹಿ ಹೊಂದಲಿಲ್ಲ ಅನ್ನುವ ಕಾರಣಕ್ಕೆ ಚೆಕ್ಕು ವಾಪಸಾದರೂ ಚೆಕ್ ಬೌನ್ಸಿಗೆ ಕ್ರಿಮಿನಲ್ ಕೇಸು ಹಾಕುವ ಸೆಕ್ಷನ್ 138 ಅನ್ವಯಿಸಬಹುದು ಅಂತ 2012ರ ಲಕ್ಷ್ಮೀ ಡೈಕೆಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಫ್ಟ್‌ವೇರಿನ ತಪ್ಪಿಗೆ ಸದಸ್ಯರ ಮನೆಗೆ ವಕೀಲರ ನೋಟಿಸು ಹೋಗಬಾರದು. ಅದಕ್ಕೇ ಎರಡು ಗೆರೆ ಇಡಿ. ಮೇಲಿನ ಗೆರೆ ದಾಟಿದ ಸಣ್ಣ ಮೊತ್ತದ ಚೆಕ್ಕು ಹಾಗೇ ಹೋಗಲಿ. ಮಧ್ಯದ್ದನ್ನು ಮನುಷ್ಯರು ನೋಡಲಿ. ಕೆಳಗಿನದ್ದಕ್ಕೆ ಫೋನು. ತಾನಾಗೇ ತಿರಸ್ಕರಿಸುವ ಅಧಿಕಾರ ಮಾತ್ರ ಯಂತ್ರಕ್ಕೆ ಕೊಡಬೇಡಿ. ಜೊತೆಗೆ 50,000 ರೂಪಾಯಿ ಮತ್ತು ಮೇಲಿನ ಚೆಕ್ಕುಗಳಿಗೆ 2021ರ ಜನವರಿಯಿಂದ ಪಾಸಿಟಿವ್ ಪೇ ಇದೆ. ಚೆಕ್ಕು ಕೊಟ್ಟವರೇ ಮೊದಲೇ ವಿವರ ತಿಳಿಸಿದ್ದರೆ ಸಹಿಯ ಮೇಲಿನ ಭಾರ ಎಷ್ಟೋ ಇಳಿಯುತ್ತದೆ.

ಜಗಳ ಕೋರ್ಟಿಗೆ ಹೋದರೆ ಈ ಅಂಕ ತೀರ್ಪಲ್ಲ. ಕೈಬರಹ ತಜ್ಞರ ಅಭಿಪ್ರಾಯ, ನ್ಯಾಯಾಧೀಶರೇ ಹೋಲಿಸಿ ನೋಡುವುದು, ಹಳೆಯ ಸಾಕ್ಷ್ಯ ಕಾಯ್ದೆಯ 45 ಮತ್ತು 73ನೇ ಸೆಕ್ಷನ್‌ಗಳಲ್ಲಿ ಇದ್ದದ್ದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಂಥ ಕಡೆ ತಜ್ಞರು ಕೇಳುವುದು ಮೂಲ ಕಾಗದವನ್ನು. ಅನುಮಾನ ಬಂದ ಚೆಕ್ಕಿನ, ಪತ್ರದ ಮೂಲ ಪ್ರತಿ ಕಳೆದುಹೋಗದಂತೆ ನೋಡಿಕೊಳ್ಳಿ.

ನಾನಾದರೆ ಏನು ಆರಿಸುತ್ತಿದ್ದೆ

ಸಂಘಕ್ಕೆ: ಕೌಂಟರಿನಲ್ಲಿ ಒಂದು ಪ್ಯಾಡು, ಡಿಟಿಡಬ್ಲ್ಯೂ. ಹಣ ತೆಗೆಯುವ ಚೀಟಿಗೆ ಪ್ಯಾಡಿನ ಮೇಲೇ ಸಹಿ. ಚೆಕ್ಕಿಗೆ ಸಯಾಮಿಸ್ ಜಾಲ, ಅದೂ ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲೇ ಓಡುವಂಥದ್ದು. ಸದಸ್ಯರ ಮಾದರಿ ಸಹಿಗಳನ್ನು ಯಾರದೋ ಕ್ಲೌಡಿಗೆ ಕಳಿಸುವ ಮೊದಲು 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯನ್ನು ಒಮ್ಮೆ ವಕೀಲರ ಹತ್ತಿರ ಕೇಳಿ.

ಸ್ಟಾರ್ಟಪ್ಪಿಗೆ: ಪ್ಯಾನ್ ಕಾರ್ಡಿನ ಸಹಿ ಚಿಕ್ಕದಾಗಿಸಿ ಮುದ್ರಿಸಿದ್ದು, ಒಂದೇ ಒಂದು, ಎಷ್ಟೋ ವರ್ಷ ಹಳೆಯದು. ಅದರ ಮೇಲೆ ಯಾವ ಜಾಲವೂ ಪಳಗಿದ ನಕಲನ್ನು ಹಿಡಿಯುತ್ತದೆ ಅಂತ ನಂಬಬೇಡಿ. ಸಹಿ ತಾಳೆಯನ್ನು ಹತ್ತು ಸುಳಿವುಗಳಲ್ಲಿ ಒಂದು ಅಂತ ಇಟ್ಟುಕೊಳ್ಳಿ, ಗುರುತಿಗೆ ಬೇರೆ ದಾರಿ ನೋಡಿ.

ವಿದ್ಯಾರ್ಥಿಗಳಿಗೆ: ಸೀಡರ್ ಮೇಲೆ ಶೇ 100 ತೋರಿಸಿ ನಿಲ್ಲಿಸಬೇಡಿ. ಸೀಡರಿನಲ್ಲಿ ಕಲಿಸಿದ ಜಾಲವನ್ನು ಬಿಎಚ್‌ಸಿಗ್260 ಮೇಲೆ ಓಡಿಸಿ, ಎಷ್ಟು ಬೀಳುತ್ತದೆ ಅಂತ ವರದಿಯಲ್ಲಿ ಬರೆಯಿರಿ. ಪರೀಕ್ಷಕರು ಅಲ್ಲಿ ಕಣ್ಣರಳಿಸುತ್ತಾರೆ.

ಖರೀದಿಯ ಮಾತಾಡುವ ಮುಂಚೆ ಮಾರಾಟಗಾರರ ಕೈಗೆ ನಿಮ್ಮವೇ ಐವತ್ತು ಸಹಿ ಕೊಡಿ. ಸದಸ್ಯರ ಒಪ್ಪಿಗೆ ಪಡೆದು, ಅರ್ಧ ಕನ್ನಡದ್ದು, ಒಂದಷ್ಟು ಸೀಲು ಬಿದ್ದದ್ದು, ಒಂದಷ್ಟು ವಯಸ್ಸಾದವರದ್ದು ಇರಲಿ. ಸಿಬ್ಬಂದಿಯಲ್ಲೇ ಕೈಚಳಕ ಇರುವವರೊಬ್ಬರನ್ನು ಕೂರಿಸಿ, ಸಹಿಯ ಯಜಮಾನರಿಗೆ ಹೇಳಿಯೇ, ಹತ್ತು ನಕಲು ಮಾಡಿಸಿ ಸೇರಿಸಿ. ಯಾವುದು ನಕಲು ಅಂತ ಹೇಳಬೇಡಿ. ಡೆಮೊ ನಿಮ್ಮ ಕಚೇರಿಯಲ್ಲೇ, ನಿಮ್ಮ ಸ್ಕ್ಯಾನರಿನಲ್ಲೇ ಆಗಲಿ.